ಎಸ್‌ಎಟಿಗೆ ಮೈಸೂರಿಂದ ಪಾಠ ಹೇಳಿಸಬಹುದಾ?

ಮಕ್ಕಳಿಗೆ ಎಸ್‌ಎಟಿ (ಅಮೆರಿಕದಲ್ಲಿ ಕಾಲೇಜು ಸೇರೋಕೆ ಬರೆಯುವ ಪರೀಕ್ಷೆ) ಟ್ಯೂಷನ್ ಊರಿಂದಲೇ ಕೊಡಿಸಬಹುದಾ ಅಂತ ಇಲ್ಲಿ ಇಬ್ಬರು ಕೇಳಿದ್ದರಲ್ಲ, ಧಾರಾಳವಾಗಿ ಕೊಡಿಸಿ. ನಮ್ಮ ಮಗಳಿಗೆ ಸರಸ್ವತಿಪುರಂನ ರಿಟೈರ್ಡ್ ಮೇಷ್ಟ್ರೊಬ್ಬರು ವಾರಕ್ಕೆರಡು ಸಲ ಗಣಿತ ಹೇಳಿಕೊಡುತ್ತಾರೆ. ಅವರಿಗೆ ಬೆಳಗ್ಗೆ ಆರು, ನ್ಯೂಜೆರ್ಸಿಯಲ್ಲಿ ನಮಗೆ ಹಿಂದಿನ ರಾತ್ರಿ ಎಂಟೂವರೆ. ಪಾಠ ಮುಗಿಸಿ ಅವರು ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಹೊರಡುತ್ತಾರೆ, ಇವಳು ಹಾಸಿಗೆಗೆ. ನವೆಂಬರ್‌ನಲ್ಲಿ ಇಲ್ಲಿನ ಗಡಿಯಾರ ಬದಲಾದಾಗ ಅದು ಏಳೂವರೆ ಆಗುತ್ತದೆ, ಊಟದ ಹೊತ್ತಿಗೆ ಸರಿಯಾಗಿ!

ಆದರೆ ಮೇಷ್ಟ್ರಿಂದ ನಿಮಗೆ ಏನಾಗಬೇಕು ಅಂತ ಮೊದಲು ಯೋಚನೆ ಮಾಡಿ. ಪಿಯುಸಿಯಲ್ಲಿ ಬೆಳಗ್ಗೆ ಐದಕ್ಕೆ ಎದ್ದು ಸೈಕಲ್ ತುಳಿದುಕೊಂಡು ಟ್ಯೂಷನ್‌ಗೆ ಹೋದವರು ನಾವು, ಟ್ಯೂಷನ್ ಅಂದರೆ ಮೊದಲನೇ ಪಾಠದಿಂದ ಕೊನೇ ಪಾಠದವರೆಗೂ ಹೇಳಿಸಬೇಕು ಅಂತಲೇ ತಲೆಯಲ್ಲಿ ಕೂತಿದೆ. ಎಸ್‌ಎಟಿಗೆ ಅದು ಬೇಡ. ಈಗ ಪರೀಕ್ಷೆ ಕಂಪ್ಯೂಟರ್‌ನಲ್ಲಿ, ಒಟ್ಟು 2 ಗಂಟೆ 14 ನಿಮಿಷ. ಗಣಿತಕ್ಕೆ 70 ನಿಮಿಷ, 44 ಪ್ರಶ್ನೆ, ಎರಡು ಭಾಗ. ಮೊದಲ ಭಾಗ ಹೇಗೆ ಮಾಡಿದ್ದಾರೆ ನೋಡಿಕೊಂಡು ಎರಡನೆಯದು ಕಷ್ಟದ್ದೋ ಸುಲಭದ್ದೋ ಬರುತ್ತದೆ. ಅಭ್ಯಾಸಕ್ಕೆ ಪರೀಕ್ಷೆಯವರದೇ ಬ್ಲೂಬುಕ್ ಆ್ಯಪ್, ಖಾನ್ ಅಕಾಡೆಮಿ ವೆಬ್‌ಸೈಟ್ ಎರಡೂ ಬಿಟ್ಟಿ. ಮೇಷ್ಟ್ರು ಬೇಕಾಗುವುದು ತಪ್ಪಾದ ಲೆಕ್ಕ ಮುಂದಿಟ್ಟುಕೊಂಡು ಜೊತೆಗೆ ಕೂರೋದಕ್ಕೆ.

ಒಂದು ಲೆಕ್ಕ ಹೇಳುತ್ತೇನೆ. 2ಎಕ್ಸ್ + 6 = 20 ಆದರೆ ಎಕ್ಸ್ + 3 ಎಷ್ಟು? ಇವಳು ಎಕ್ಸ್ 7 ಅಂತ ಕಂಡುಹಿಡಿದಳು, ಕೆಳಗೆ 7 ಇತ್ತು, ಒತ್ತಿಬಿಟ್ಟಳು. ಮೇಷ್ಟ್ರು ಉತ್ತರ ಹೇಳಲಿಲ್ಲ. "ಏನು ಕೇಳಿದ್ದಾರೆ, ಇನ್ನೊಂದ್ಸಲ ಓದಮ್ಮ" ಅಂದರು. ಓದಿ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಎರಡೂ ಕಡೆ ಅರ್ಧ ಮಾಡಿ ನೋಡು ಅಂದರು, 10 ಬಂತು, ಎಕ್ಸ್ ಗೊಡವೆಯೇ ಬೇಡ. ಈಗ ಏನು ಕೇಳಿದ್ದಾರೆ ಅನ್ನೋದನ್ನ ಮೊದಲು ರಫ್ ಹಾಳೆಯಲ್ಲಿ ಬರೆದುಕೊಳ್ಳುತ್ತಾಳೆ.

ಇಂಗ್ಲಿಷ್ ಭಾಗ ನನ್ನಿಂದಾಗಲ್ಲಪ್ಪ ಅಂತ ಅವರೇ ಹೇಳಿಬಿಟ್ಟರು, ಅದು ನನಗೆ ಇಷ್ಟವಾಯಿತು. ಅದಕ್ಕಿಂತ ಮುಂಚೆ ಮಾತಾಡಿದ್ದ ಒಂದು ಕಂಪನಿಯವರು ಎಲ್ಲಾ ನಾವೇ ನೋಡ್ಕೋತೀವಿ ಅಂತ ದೊಡ್ಡ ಪ್ಯಾಕೇಜ್ ತೋರಿಸಿ, ಮುಂಗಡ ಪೂರ್ತಿ ಕಟ್ಟಿ ಅಂದಿದ್ದರು. ಹಾಗೆ ಕಟ್ಟಬೇಡಿ, ಗಂಟೆ ಲೆಕ್ಕದಲ್ಲಿ ಕೊಡಿ. ಕ್ಯಾಲಿಫೋರ್ನಿಯಾದಲ್ಲಿ ಇರೋರು ಇನ್ನೊಂದು ನೋಡಿಕೊಳ್ಳಿ: ಅಲ್ಲಿನ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್‌ಗಳು ಸೀಟು ಕೊಡುವಾಗ ಎಸ್‌ಎಟಿ ನೋಡುವುದೇ ಇಲ್ಲ. ಮಗುವಿಗೆ ಅಲ್ಲಿಗೆ ಮಾತ್ರ ಹೋಗಬೇಕು ಅಂತಿದ್ದರೆ ಸುಮ್ನೆ ಯಾಕೆ ದುಡ್ಡು, ನಿದ್ದೆ ಎರಡೂ ಹಾಳು?

ಎಚ್-4ನಲ್ಲಿದ್ದೇನೆ (ಗಂಡನ ಕೆಲಸದ ವೀಸಾ ಮೇಲೆ ಬಂದವರ ವೀಸಾ), ನಾನೇ ಅಕ್ಕಪಕ್ಕದ ಮಕ್ಕಳಿಗೆ ಹೇಳಿಕೊಡಲಾ ಅಂತ ಕೇಳಿದ ಮಂಡ್ಯದ ಅಕ್ಕನಿಗೆ: ಕೆಲಸದ ಪರ್ಮಿಟ್ ಇಲ್ಲದೆ ಫೀಸ್ ತಗೊಳ್ಳೋ ಹಾಗಿಲ್ಲ. ಮೊದಲು ವಕೀಲರನ್ನ ಕೇಳಿ.

ನಮ್ಮ ಮೇಷ್ಟ್ರಿಗೆ ಇನ್ನೊಬ್ಬರಿಗೆ ಆಗುವಷ್ಟು ಸಮಯ ಇದೆಯಾ ಅಂತ ಕೇಳುತ್ತೇನೆ. ಅವರನ್ನ ಕೇಳದೆ ನಂಬರ್ ಇಲ್ಲಿ ಹಾಕಲ್ಲ.