ಫಾದರ್ ಜೊತೆ ಪ್ರಶ್ನೋತ್ತರ: ಈ ವಾರ ಏಳು ಸಂಸ್ಕಾರಗಳು

ಅಡ್ಮಿನ್: ಮುಂಬೈ ಕನ್ನಡ ಕಥೋಲಿಕರ ಈ ಗುಂಪಿನಲ್ಲಿ ಇವತ್ತು ಸಂಜೆ 5ರಿಂದ 7ರವರೆಗೆ ಫಾದರ್ ಇರುತ್ತಾರೆ. ಜ್ಞಾನಸ್ನಾನ (ಬ್ಯಾಪ್ಟಿಸಂ), ದೃಢೀಕರಣ (ಕನ್ಫರ್ಮೇಶನ್), ಪರಮಪ್ರಸಾದ (ಕಮ್ಯುನಿಯನ್), ಪಾಪನಿವೇದನೆ, ರೋಗಿಗಳ ಅಭ್ಯಂಗ (ಪವಿತ್ರ ತೈಲ ಹಚ್ಚುವುದು), ಗುರುದೀಕ್ಷೆ (ಪಾದ್ರಿಯಾಗುವುದು), ಮದುವೆ. ಇಷ್ಟರ ಬಗ್ಗೆ ಮಾತ್ರ ಕೇಳಿ. ಫಾರ್ವರ್ಡ್ ಬೇಡ, ಕೈಮುಗಿತೀನಿ.

ಕಲ್ಯಾಣ್‌ನವರು: ನಮಸ್ಕಾರ ಫಾದರ್. ಮಗಳ ಜ್ಞಾನಸ್ನಾನಕ್ಕೆ ಆಫೀಸಿನ ಹಿಂದೂ ಗೆಳೆಯ ಜ್ಞಾನತಂದೆ (ಗಾಡ್‌ಫಾದರ್) ಆಗಬಹುದಾ? ತುಂಬ ಒಳ್ಳೆ ಮನುಷ್ಯ.

ಫಾದರ್: ನಮಸ್ಕಾರ. ಒಳ್ಳೆಯವರೇ ಇರಬಹುದು, ಆದರೆ ಆಗುವುದಿಲ್ಲ. ಕಥೋಲಿಕರಾಗಿರಬೇಕು, ದೃಢೀಕರಣ ಆಗಿರಬೇಕು, ಸಾಮಾನ್ಯವಾಗಿ 16 ತುಂಬಿರಬೇಕು. ಗೆಳೆಯರನ್ನು ಊಟಕ್ಕೆ ಕರೆಯಿರಿ.

ಭಾಂಡುಪ್ ಅಕ್ಕ: ಫಾದರ್, ಮಗಳಿಗೆ ಗೋಧಿ ಆಗಲ್ಲ, ಡಾಕ್ಟರು ಪೂರ್ತಿ ಬಿಡಿಸಿದ್ದಾರೆ. ಮೇ ತಿಂಗಳಲ್ಲಿ ಮೊದಲ ಪರಮಪ್ರಸಾದ, ಆ ರೊಟ್ಟಿ ಗೋಧಿಯದ್ದೇ ಅಲ್ವಾ. ಏನು ಮಾಡೋದು?

ಮಲಾಡ್‌ನವರು: ನನಗೆ ರಾತ್ರಿ ಪಾಳಿ. ಫೋನಲ್ಲೇ ಪಾಪನಿವೇದನೆ ಮಾಡಬಹುದಾ?

ಫಾದರ್: ಆಗದು. ಎದುರಿಗೆ ಬರಬೇಕು.

ಜೋಗೇಶ್ವರಿಯಿಂದ: ಫಾದರ್, ನನ್ನ ಮಗ 29 ವಾರಕ್ಕೇ ಹುಟ್ಟಿದ. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ಐಸಿಯು) ನಾಲ್ಕನೇ ದಿನ. ಈ ರಾತ್ರಿ ಕಷ್ಟ ಅಂತಿದ್ದಾರೆ. ನಿನ್ನೆ ನಮ್ಮಮ್ಮ ಒಳಗೆ ಹೋದಾಗ ಹತ್ತಿಯಲ್ಲಿ ವೇಳಾಂಕಣಿ ಎಣ್ಣೆ ಅದ್ದಿ ಹಣೆಗೆ ಹಚ್ಚಿ, ‘ಯೇಸುವಿನ ಹೆಸರಲ್ಲಿ ನೀನು ನಮ್ಮವನು’ ಅಂದ್ರಂತೆ. ಅದು ಜ್ಞಾನಸ್ನಾನ ಆಯ್ತಾ? ನನಗೆ ನೆಗಡಿ ಅಂತ ಒಳಗೆ ಬಿಡ್ತಿಲ್ಲ. ಹೆಂಡತಿ ಸಿಸೇರಿಯನ್ ಆಗಿ ಮೇಲಿನ ವಾರ್ಡಲ್ಲಿದ್ದಾಳೆ.

ಫಾದರ್: ತಮ್ಮಾ, ಉಳಿದವರ ಪ್ರಶ್ನೆ ಆಮೇಲೆ. ಅಜ್ಜಿಯ ಪ್ರೀತಿ ದೊಡ್ಡದು, ಆದರೆ ಅದು ಜ್ಞಾನಸ್ನಾನ ಅಲ್ಲ. ನೀರು ಬೇಕು, ಮಾತೂ ಬೇಕು. ನಾನು ಇಲ್ಲಿಂದ ಹೊರಟರೂ ಒಂದೂವರೆ ಗಂಟೆ, ಅದಕ್ಕೆ ಕಾಯಬೇಡ. ಒಳಗಿರುವ ನರ್ಸ್ ಯಾರೇ ಇರಲಿ, ಹಿಂದೂ ಆದರೂ ಸರಿ, ಕೇಳು. ಸಾವಿನ ಅಪಾಯ ಇದ್ದಾಗ ಯಾರು ಬೇಕಾದರೂ ಕೊಡಬಹುದು. ಜ್ಞಾನಸ್ನಾನದಲ್ಲಿ ಧರ್ಮಸಭೆ (ಚರ್ಚ್) ಏನು ಮಾಡುತ್ತದೋ ಅದನ್ನೇ ಮಾಡುವ ಮನಸ್ಸಿದ್ದರೆ ಸಾಕು. ಮೊದಲು ಡಾಕ್ಟರ ಒಪ್ಪಿಗೆ ತಗೋ. ಅವರದೇ ಸ್ಟೆರೈಲ್ ನೀರು, ಸಿರಿಂಜಿನಲ್ಲಿ ಕೆಲವು ಹನಿ. ತಲೆಯ ಚರ್ಮದ ಮೇಲೆ ಹರಿಯಬೇಕು, ಒರೆಸಿದರೆ ಸಾಲದು. ನೀರು ಬಿಡುವವರೇ ಹೇಳಬೇಕು: ‘(ಹೆಸರು), ಪಿತನ, ಸುತನ ಮತ್ತು ಪವಿತ್ರಾತ್ಮನ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ.’ ಮರಾಠಿಯಲ್ಲಿ ಹೇಳಿದರೂ ನಡೆಯುತ್ತದೆ. ‘ನಾನು’ ಅನ್ನಬೇಕು, ‘ನಾವು’ ಅಲ್ಲ. ಇದು ವ್ಯಾಕರಣದ ಹಟ ಅಲ್ಲ. ‘ನಾವು’ ಎಂದು ಕೊಟ್ಟದ್ದು ಸಿಂಧುವಲ್ಲ ಎಂದು 2020ರಲ್ಲಿ ವ್ಯಾಟಿಕನ್ ಹೇಳಿತು. ಅಮೆರಿಕದ ಡೆಟ್ರಾಯಿಟ್‌ನ ಒಬ್ಬ ಗುರು (ಪಾದ್ರಿ) ತಮ್ಮ ಜ್ಞಾನಸ್ನಾನದ ಹಳೆ ವಿಡಿಯೊದಲ್ಲಿ ‘ನಾವು’ ಅಂದದ್ದು ನೋಡಿ, ತಮಗೆ ಜ್ಞಾನಸ್ನಾನವೇ ಆಗಿಲ್ಲ, ಹಾಗಾಗಿ ಗುರುದೀಕ್ಷೆಯೂ ಆಗಿಲ್ಲ ಎಂದು ಕಂಡುಕೊಂಡು ಎಲ್ಲವನ್ನೂ ಮೊದಲಿಂದ ಪಡೆದರು. ಮಗು ಮನೆಗೆ ಬಂದ ಮೇಲೆ ತೈಲ, ಬಿಳಿ ಬಟ್ಟೆ, ಮೇಣದಬತ್ತಿ ಎಲ್ಲ ದೇವಾಲಯದಲ್ಲಿ ಮಾಡೋಣ. ನೀರು ಮತ್ತೆ ಹಾಕುವುದಿಲ್ಲ. ಈಗ ಫೋನ್ ಇಟ್ಟು ಹೋಗು.

ವಸಾಯಿ ಅಂಕಲ್: (ಫಾರ್ವರ್ಡ್) ಫ್ರಾನ್ಸಿನ ಪುಣ್ಯಕ್ಷೇತ್ರ ಲೂರ್ದಿನ ನೀರು ಒಂದು ಚಮಚ, ಎರಡು ತೊಟ್ಟು ಜೇನು, 9 ದಿನ ಮಗುವಿನ ಬಾಯಿಗೆ. 12 ಜನಕ್ಕೆ ಕಳಿಸಿ.

ಫಾದರ್: ಇದನ್ನು ಅಳಿಸಿ. ವೆಂಟಿಲೇಟರ್ ಮೇಲಿರುವ ಮಗುವಿನ ಬಾಯಿಗೆ ಚಮಚದಲ್ಲಿ ನೀರಾ? ಜೇನು ಒಂದು ವರ್ಷದೊಳಗಿನ ಯಾವ ಮಗುವಿಗೂ ಕೂಡದು, ವಿಷವಾಗಬಹುದು. ಸಂಸ್ಕಾರ ಕಷಾಯ ಅಲ್ಲ, ಅದು ಡೋಸ್ ಲೆಕ್ಕದಲ್ಲಿ ಬರುವುದಿಲ್ಲ. ಹೋದ ತಿಂಗಳೂ ಇದೇ ಹೇಳಿದ್ದೆ.

ವಸಾಯಿ ಅಂಕಲ್: ನಂಬಿಕೆ ಇದ್ದವರಿಗೆ ಫಾದರ್. ಎಲ್ಲರಿಗೂ ಇರಲ್ಲ.

ಡೊಂಬಿವಲಿಯವರು: ಜ್ಞಾನಸ್ನಾನ ಇಲ್ಲದೆ ಸತ್ತ ಕೂಸು ಲಿಂಬೋಗೆ, ಅಂದ್ರೆ ಸ್ವರ್ಗವೂ ಅಲ್ಲದ ನರಕಯಾತನೆಯೂ ಇಲ್ಲದ ಜಾಗಕ್ಕೆ, ಹೋಗುತ್ತೆ ಅಂತ ನಮ್ಮ ಅಜ್ಜಿ ಹೇಳ್ತಿದ್ರು.

ಠಾಣೆ ಅಕ್ಕ: ಒಬ್ಬ ಅಪ್ಪ ಐಸಿಯು ಬಾಗಿಲಲ್ಲಿ ನಿಂತಿದ್ದಾನೆ, ನಿಮಗೆ ಲಿಂಬೋನಾ? ನಾಚಿಕೆ ಆಗಲ್ವಾ?

ಡೊಂಬಿವಲಿಯವರು: ಧರ್ಮೋಪದೇಶದಲ್ಲಿ ಕಲಿತದ್ದು ಹೇಳಿದೆ. ನೀವು ಭಾನುವಾರ ಪೂಜೆಗೆ ಬಂದು ಎಷ್ಟು ತಿಂಗಳಾಯ್ತು?

ಠಾಣೆ ಅಕ್ಕ: ಅದನ್ನ ಕೇಳೋಕೆ ನೀವ್ಯಾರ್ರೀ?

ಫಾದರ್: ಲಿಂಬೋ ಎಂದೂ ವಿಶ್ವಾಸಸತ್ಯ (ಎಲ್ಲರೂ ನಂಬಲೇಬೇಕಾದ ಬೋಧನೆ) ಆಗಿರಲಿಲ್ಲ. ಅಂಥ ಶಿಶುಗಳ ರಕ್ಷಣೆಗೆ ಭರವಸೆ ಇಡಲು ಕಾರಣವಿದೆ ಎಂದು 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ ಬರೆದಿದೆ. ಇಬ್ಬರೂ ಸುಮ್ಮನಿರಿ.

ಬೊರಿವಲಿಯವರು: ಅಪ್ಪನಿಗೆ ಮಂಗಳವಾರ ಬೈಪಾಸ್. ಅಭ್ಯಂಗ ಅಂದ್ರೆ ‘ನನ್ನನ್ನ ಕಳಿಸೋಕೆ ತಯಾರಾದ್ರಾ’ ಅಂತಾರೆ.

ಫಾದರ್: ‘ಅಂತಿಮ’ ಅಭ್ಯಂಗ ಅಂತ ಕರೆದು ಕರೆದು ನಾವೇ ಹೆದರಿಸಿದ್ದೇವೆ. ಪ್ರಾಣ ಹೋಗುವ ಗಳಿಗೆಗೆ ಮಾತ್ರ ಮೀಸಲಲ್ಲ ಎಂದು 1963ರಲ್ಲೇ ಎರಡನೇ ವ್ಯಾಟಿಕನ್ ಮಹಾಸಭೆ (ಬಿಷಪರ ಸಮಾವೇಶ) ಹೇಳಿತು. ದೊಡ್ಡ ಆಪರೇಷನ್‌ಗೆ ಮುಂಚೆ ತಗೊಳ್ಳಬಹುದು, ಕಾಯಿಲೆ ಹೆಚ್ಚಾದರೆ ಮತ್ತೊಮ್ಮೆಯೂ. ಆದರೆ ಇದನ್ನು ಗುರುಗಳೇ ಕೊಡಬೇಕು. ಸೋಮವಾರ ಕರೆಸಿ.

ಮೀರಾ ರೋಡ್‌ನವರು: ವಿಡಿಯೊ ಕಾಲಲ್ಲಿ ಪಾಪನಿವೇದನೆ ನಡೆಯುತ್ತಾ?

ಫಾದರ್: ಮೇಲೆ ಓದಿ.

ಜೋಗೇಶ್ವರಿಯಿಂದ: ಆಯ್ತು ಫಾದರ್. 6:40ಕ್ಕೆ. ನರ್ಸಮ್ಮ ಹಿಂದೂ. ಗಾಜಿನಾಚೆ ನಿಂತು ನಾನೇ ಕಾಗದದಲ್ಲಿ ಬರೆದು ತೋರಿಸಿದೆ, ಓದಿದ್ರು. ಇನ್ನೂ ಉಸಿರಾಡ್ತಿದ್ದಾನೆ.

ಫಾದರ್: ದೇವರಿಗೆ ಸ್ತೋತ್ರ. ಆ ನರ್ಸಮ್ಮನ ಪೂರ್ತಿ ಹೆಸರು ಕೇಳಿ ಬರೆದಿಟ್ಟುಕೋ. ಕೊಟ್ಟವರು ಯಾರು ಅಂತ ರಿಜಿಸ್ಟರ್‌ನಲ್ಲಿ ಬರೆಯಬೇಕು. ನಾನು ಹೊರಟೆ, ಎಂಟೂವರೆಗೆ ಅಲ್ಲಿರುತ್ತೇನೆ.

ಡೊಂಬಿವಲಿಯವರು: ಹಿಂದೂ ಹೆಸರು ನಮ್ಮ ರಿಜಿಸ್ಟರಲ್ಲಾ?

ಫಾದರ್: ಹೌದು.

ಕಲ್ಯಾಣ್‌ನವರು: ಹಾಗಾದ್ರೆ ನನ್ನ ಗೆಳೆಯ ಯಾಕೆ ಆಗಲ್ಲ?

ಭಾಂಡುಪ್ ಅಕ್ಕ: ಗೋಧಿ ವಿಷಯ ಯಾರೂ ಹೇಳಲಿಲ್ಲ. ಎರಡನೇ ಸಲ ಕೇಳ್ತಿದೀನಿ.