ಗುಡ್ಡ ಹತ್ತುವಾಗ ಮೋಟರ್‌ಹೋಮ್ ಸೋಲುತ್ತಿದೆ: ಎಂಜಿನ್ ಸಾಲದೋ, ಗೇರ್ ತಪ್ಪೋ?

ಪ್ರಶ್ನೆ (ಬಳ್ಳಾರಿ)
ನಮಸ್ಕಾರ. ಒಂದು ಟಿಟಿ (ಟೆಂಪೊ ಟ್ರಾವೆಲರ್) ಗಾಡಿಯನ್ನು ಮೋಟರ್‌ಹೋಮ್ ಮಾಡಿಸಿದ್ದೇವೆ. ಎರಡು ಮಂಚ, ಗ್ಯಾಸ್ ಒಲೆ, 150 ಲೀಟರ್ ನೀರಿನ ಟ್ಯಾಂಕ್. ಅವ್ವನಿಗೆ ಮೊಣಕಾಲು ನೋವು, ಬಸ್ಸು ಹತ್ತಲು ಆಗುವುದಿಲ್ಲ. ಆಕೆಗಾಗಿಯೇ ಈ ಗಾಡಿ. ಹೋದ ವಾರ ಸಂಡೂರು ಗುಡ್ಡದ ಪಾರ್ವತಿ ಗುಡಿಗೆ ಹೊರಟೆವು. ತೋರಣಗಲ್ಲಿನವರೆಗೆ ಚೆನ್ನಾಗಿ ಓಡಿತು. ಗುಡ್ಡದ ರಸ್ತೆಯಲ್ಲಿ ನಾಲ್ಕನೇ ಗೇರ್‌ನಲ್ಲಿ 1200 ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಇಳಿಯಿತು. ಪೆಡಲ್ ಪೂರ್ತಿ ಒತ್ತಿದರೂ ಬರೀ ಗುಡುಗುಡು. ಒಲೆ ಪಕ್ಕ ಇಟ್ಟಿದ್ದ ಸ್ಟೀಲ್ ಲೋಟ ನಡುಗಿ ನಡುಗಿ ಕೆಳಗೆ ಬಿತ್ತು. ಟೆಂಪರೇಚರ್ ಮುಳ್ಳೂ ಏರಿತು. ಮೂರಕ್ಕೆ ಹಾಕಿದರೆ 1800ಕ್ಕೆ ಹೋಗಿ ಜೋರಾಗಿ ಕೂಗಿತು. ಅವ್ವ ಗಾಬರಿಯಾದಳು, ಮತ್ತೆ ನಾಲ್ಕಕ್ಕೇ ಹಾಕಿದೆ. ಪುಸ್ತಕದಲ್ಲಿ 1400ರಿಂದ 2200ರವರೆಗೆ 350 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಅಂತಿದೆ. ಮತ್ತೆ ಯಾಕೆ ಹೀಗೆ? ಎಂಜಿನ್ನೇ ಬದಲಿಸು ಅನ್ನುತ್ತಾರೆ ಕೆಲವರು.

ಉತ್ತರ (ಕೊಪ್ಪಳ)
ತಮ್ಮಾ, ಎಂಜಿನ್‌ಗೆ ಕೈ ಹಚ್ಚಬೇಡ. ಸಂಡೂರು ಕಡೆ ಅದಿರು ಲಾರಿ ಓಡಿಸಿದವನು ನಾನು. 1200ರಲ್ಲಿ ಟರ್ಬೊ ಎಂಜಿನ್‌ಗೆ ಸಾಕಷ್ಟು ಗಾಳಿ ತುಂಬುವುದಿಲ್ಲ, ಆ 350 ನಿನಗೆ ಸಿಗುವುದೇ ಇಲ್ಲ. ನೀರಿನ ಪಂಪೂ ನಿಧಾನಕ್ಕೆ ತಿರುಗುತ್ತದೆ, ಅದಕ್ಕೇ ಬಿಸಿ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸು, ಎಂಜಿನ್ ಶಕ್ತಿ ಕಿಲೋವ್ಯಾಟ್‌ನಲ್ಲಿ ಬರುತ್ತದೆ. 1400ರಲ್ಲಿ 51. ನೀವು ಹೆದರಿದ ಆ 1800ರಲ್ಲಿ 66. 2200ರಲ್ಲಿ 81. ಟಾರ್ಕ್ ಅಷ್ಟೇ ಇದ್ದರೂ ಗುಡ್ಡ ಹತ್ತಿಸುವ ಶಕ್ತಿ ಒಂದೂವರೆ ಪಟ್ಟು! ಮೂರನೇ ಗೇರ್‌ನ ಕೂಗಿಗೆ ಅಂಜಬೇಡ, ಗುಡುಗುಡು ಸದ್ದಿಗೆ ಅಂಜು. ಏರು ಕಂಡ ಕೂಡಲೇ ಗೇರ್ ಇಳಿಸು, ಗಾಡಿ ಸೋಲುವವರೆಗೆ ಕಾಯಬೇಡ. ಅಂದ ಹಾಗೆ, ಟೈರ್ ಸೈಜ್ ಎಷ್ಟು?

ಬಳ್ಳಾರಿ
ಅಣ್ಣಾ, 215/75 ಆರ್ 15 ಇತ್ತು. ನೋಡಲು ಚೆಂದ ಅಂತ 235/75 ಹಾಕಿಸಿದೆ.

ಉತ್ತರ (ರಾಯಚೂರು, ಗ್ಯಾರೇಜ್)
ಅಲ್ಲೇ ಇದೆ ನೋಡಿ ಸರ್. ಹಳೇ ಟೈರ್ ಎತ್ತರ ಸುಮಾರು 70 ಸೆಂ.ಮೀ., ಇದು 73. ಚಕ್ರ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತದೆ, ಹಾಗಾಗಿ ಎಲ್ಲ ಗೇರ್‌ಗಳ ಎಳೆತ ಶೇಕಡ 4ರಷ್ಟು ಕಡಿಮೆಯಾಗಿದೆ. ಸ್ಪೀಡೋಮೀಟರ್ ಕೂಡ ಕಡಿಮೆ ತೋರಿಸುತ್ತಿರುತ್ತದೆ. ಹಳೇ ಸೈಜಿಗೇ ಬನ್ನಿ, ಕ್ರೌನ್ ಪಿನಿಯನ್ (ಹಿಂದಿನ ಆಕ್ಸಲ್‌ನ ಗೇರ್) ಬದಲಿಸುವ ಖರ್ಚು ಬೇಡವೇ ಬೇಡ. ಟ್ಯಾಂಕ್ ತುಂಬಿಸಿ, ಮನೆಯವರನ್ನೆಲ್ಲ ಕೂರಿಸಿ ಒಮ್ಮೆ ವೇ ಬ್ರಿಡ್ಜ್ ಮೇಲೆ ತೂಗಿಸಿ. ಆರ್‌ಸಿಯಲ್ಲಿರುವ ಒಟ್ಟು ತೂಕ ದಾಟಬಾರದು. ಗುಡ್ಡಕ್ಕೆ ಅರ್ಧ ಟ್ಯಾಂಕ್ ನೀರು ಸಾಕು, 75 ಕೆಜಿ ಇಳಿಯುತ್ತದೆ. ರೇಡಿಯೇಟರ್‌ಗೆ ಟಾರ್ಚ್ ಹಿಡಿದು ನೋಡಿ. ಆ ಕಡೆಯ ಕೆಂಪು ಧೂಳು ಸಂದಿಯಲ್ಲೆಲ್ಲ ಕೂತಿರುತ್ತದೆ.

ಬಳ್ಳಾರಿ
ಧೂಳು ನಿಜ ಸರ್, ತೊಳೆದರೆ ಕೆಂಪು ನೀರೇ ಹರಿಯಿತು. ಇವತ್ತು ಅರ್ಧ ಟ್ಯಾಂಕಿನಲ್ಲಿ, ಮೂರನೇ ಗೇರ್‌ನಲ್ಲೇ ಹತ್ತಿಸಿದೆ. ಮುಳ್ಳು ನಡುವೆಯೇ ನಿಂತಿತ್ತು. ಅವ್ವನಿಗೆ ದರ್ಶನ ಆಯಿತು. ಟೈರ್ ಬರುವ ತಿಂಗಳು ಬದಲಿಸುತ್ತೇನೆ.