ಟಿಬಿಲಿಸಿಯ ಗಂಧಕದ ಸ್ನಾನಗೃಹ: ಅಮ್ಮನನ್ನು ಖಾಸಗಿ ಕೋಣೆಗೆ ಕರೆದೊಯ್ಯಬಹುದೇ?

ತೀರ್ಥಹಳ್ಳಿಯವಳು

ಎಲ್ಲರಿಗೂ ನಮಸ್ಕಾರ. ಜಾರ್ಜಿಯಾ ದೇಶದ ರಾಜಧಾನಿ ಟಿಬಿಲಿಸಿಯಲ್ಲಿ ನನ್ನ ತಮ್ಮ ವೈದ್ಯಕೀಯ ಓದು ಮುಗಿಸುತ್ತಿದ್ದಾನೆ. ಅವನು ಪದವಿ ಪಡೆಯುವುದನ್ನು ನೋಡಲು ಅಪ್ಪ, ಅಮ್ಮ ಮತ್ತು ನಾನು ಜೂನ್ ತಿಂಗಳಲ್ಲಿ ಹೊರಟಿದ್ದೇವೆ. ಊರಿನ ನಡುವೆಯೇ ನೆಲದಿಂದ ಬಿಸಿನೀರು ಉಕ್ಕುತ್ತದೆ, ಅದರಲ್ಲಿ ನೂರಾರು ವರ್ಷಗಳಿಂದ ಜನ ಸ್ನಾನ ಮಾಡುತ್ತಿದ್ದಾರೆ ಎಂದು ತಮ್ಮ ಹೇಳಿದಂದಿನಿಂದ ಅಮ್ಮನಿಗೆ ಆ ನೀರಿನಲ್ಲಿ ಮೀಯಬೇಕೆಂಬ ಆಸೆ. ಆದರೆ ಅಲ್ಲಿ ಬಟ್ಟೆಯಿಲ್ಲದೆ ಎಲ್ಲರೂ ಒಟ್ಟಿಗೆ ಸ್ನಾನ ಮಾಡುತ್ತಾರೆಂದು ಯಾರೋ ಹೇಳಿದ್ದರಿಂದ ಈಗ ಆ ಮಾತನ್ನೇ ಎತ್ತುತ್ತಿಲ್ಲ.

ಖಾಸಗಿ ಕೋಣೆಗಳು ಬಾಡಿಗೆಗೆ ಸಿಗುತ್ತವೆ ಎಂದು ತಿಳಿದಿದೆ. ಒಮ್ಮೆ ಒಳಗೆ ಹೋದ ಮೇಲೆ ಬೇರೆ ಯಾರಾದರೂ ಬರುತ್ತಾರೆಯೇ? ಅಮ್ಮ ನೈಟಿಯಲ್ಲೇ ನೀರಿಗಿಳಿದರೆ ಆಕ್ಷೇಪಿಸುತ್ತಾರೆಯೇ? ಅಮ್ಮನಿಗೆ 66 ವರ್ಷ. ಮಂಡಿನೋವಿದೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಇನ್ನೊಂದು ಮಾತು: ಗಂಧಕದ ನೀರಿಗೆ ಬೆಳ್ಳಿ ಕಪ್ಪಾಗುತ್ತದಂತೆ. ಮದುವೆಯಾದಾಗಿನಿಂದ ಕಾಲಿನಿಂದ ತೆಗೆಯದ ಕಾಲುಂಗುರವನ್ನು ತೆಗೆಯಿರಿ ಎಂದು ಅವರಿಗೆ ಹೇಳಲು ನನಗೆ ಮನಸ್ಸು ಬರುತ್ತಿಲ್ಲ. ಹೋಗಿಬಂದವರು ದಯವಿಟ್ಟು ತಿಳಿಸಿ.

ಹುಬ್ಬಳ್ಳಿ ಹುಡುಗ, ಸದ್ಯ ಟಿಬಿಲಿಸಿ

ಅಕ್ಕಾ, ನಾನು ಇಲ್ಲಿ ಓದಲು ಬಂದು ಐದು ವರ್ಷವಾಯಿತು. ನೀವು ಹೇಳುತ್ತಿರುವ ಜಾಗದ ಹೆಸರು ಅಬನೋತುಬಾನಿ. ಸ್ನಾನಗೃಹಗಳ ಕೇರಿ ಎಂದು ಅರ್ಥ. ಐದನೆಯ ಶತಮಾನದ ಅರಸ ವಖ್ತಾಂಗ್ ಗೊರ್ಗಸಾಲಿ ಬೇಟೆಗೆ ಬಂದಾಗ ಅವನ ಗಿಡುಗವೂ ಅದು ಹಿಡಿದ ಹಕ್ಕಿಯೂ ಬಿಸಿನೀರಿನ ಒರತೆಗೆ ಬಿದ್ದವೆಂದೂ, ಅದನ್ನು ಕಂಡು ಅವನು ಇಲ್ಲಿಯೇ ಊರು ಕಟ್ಟಲು ಹೇಳಿದನೆಂದೂ ಐತಿಹ್ಯವಿದೆ. ಊರಿನ ಹೆಸರೂ ‘ಬೆಚ್ಚಗಿನ’ ಎಂಬ ಅರ್ಥದ ಜಾರ್ಜಿಯನ್ ಮಾತಿನಿಂದಲೇ ಬಂದಿದೆ. ನರಿಕಾಲ ಕೋಟೆಯ ಕೆಳಗೆ ಬೋರಲು ಹಾಕಿದ ಬಟ್ಟಲುಗಳಂತೆ ಕಾಣುವ ಇಟ್ಟಿಗೆಯ ಗುಮ್ಮಟಗಳೇ ಸ್ನಾನಗೃಹಗಳ ಚಾವಣಿ. ಬೆಳಕು ಬರಲೆಂದೂ ಆವಿ ಹೋಗಲೆಂದೂ ಗುಮ್ಮಟದ ನೆತ್ತಿಯಲ್ಲಿ ಕಿಂಡಿ ಬಿಟ್ಟಿರುತ್ತಾರೆ.

ಅಮ್ಮನವರು ಕೇಳಿದ್ದು ಸಾರ್ವಜನಿಕ ವಿಭಾಗದ ಸಂಗತಿ. ಅಲ್ಲಿ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಜಾಗವಿದ್ದು, ಬಟ್ಟೆಯಿಲ್ಲದೆ ಮೀಯುವುದು ರೂಢಿ. ಖಾಸಗಿ ಕೋಣೆಯಾದರೆ ಬಾಗಿಲು ಹಾಕಿದ ಮೇಲೆ ಅದು ನಿಮ್ಮ ಮನೆಯ ಬಚ್ಚಲಿದ್ದಂತೆ. ಬಟ್ಟೆ ಬದಲಿಸಲು ಸೋಫಾ ಇರುವ ಒಂದು ಚಿಕ್ಕ ಕೋಣೆ, ಅದರ ಒಳಗೆ ಬಿಸಿನೀರಿನ ತೊಟ್ಟಿ, ಮಲಗಲು ಕಲ್ಲಿನ ಹಾಸು, ಶವರ್ ಇರುತ್ತವೆ. ದೊಡ್ಡ ಕೋಣೆಗಳಲ್ಲಿ ತಣ್ಣೀರಿನ ತೊಟ್ಟಿಯೂ ಇರುತ್ತದೆ. ನೈಟಿಯನ್ನಾಗಲಿ ಸೀರೆಯನ್ನಾಗಲಿ ಉಟ್ಟು ಇಳಿದರೆ ಕೇಳುವವರಿಲ್ಲ. ಬಾಡಿಗೆ ಗಂಟೆಯ ಲೆಕ್ಕ. ಅದು ಇಡೀ ಕೋಣೆಗೇ ಹೊರತು ತಲೆಗೆ ಇಷ್ಟೆಂದಲ್ಲ. ಕೋಣೆ ದೊಡ್ಡದಾದಷ್ಟೂ, ಅಲಂಕಾರ ಹೆಚ್ಚಿದಷ್ಟೂ ಲಾರಿ (ಇಲ್ಲಿಯ ಹಣದ ಹೆಸರು) ಹೆಚ್ಚು. ಟವೆಲ್, ಚಪ್ಪಲಿಗಳಿಗೆ ಬೇರೆ ಹಣ ಕೇಳುವುದರಿಂದ ಮನೆಯಿಂದಲೇ ತನ್ನಿ.

ಮೈ ಉಜ್ಜುವವರನ್ನು ಇಲ್ಲಿ ಮೆಕಿಸೆ ಎನ್ನುತ್ತಾರೆ. ನೀವು ಕರೆದರೆ ಮಾತ್ರ ಅವರು ಒಳಗೆ ಬರುತ್ತಾರೆ. ಕಿಸಾ ಎಂಬ ಒರಟು ಕೈಗವಸಿನಿಂದ ಮೈಯ ಕೊಳೆ ಸುರುಳಿ ಸುರುಳಿಯಾಗಿ ಏಳುವಂತೆ ಉಜ್ಜಿ, ಬಟ್ಟೆಯ ಚೀಲದಲ್ಲಿ ಗಾಳಿ ತುಂಬಿಸಿ ಎಬ್ಬಿಸಿದ ಸೋಪಿನ ನೊರೆಯನ್ನು ಮೈತುಂಬ ಸುರಿಯುತ್ತಾರೆ. ಅಮ್ಮನವರಿಗೆ ಹೆಂಗಸರೇ ಬೇಕೆಂದು ಕೋಣೆ ಕಾಯ್ದಿರಿಸುವಾಗಲೇ ಹೇಳಿ ಖಚಿತಪಡಿಸಿಕೊಳ್ಳಿ. ಅಲ್ಲಿಗೆ ಹೋದ ಮೇಲೆ ಕೇಳಿದರೆ ಸಿಗದೆ ಹೋಗಬಹುದು.

ಹಳೆಯ ಸ್ನಾನಗೃಹಗಳಲ್ಲಿ ಹಲವು ನೆಲಮಟ್ಟಕ್ಕಿಂತ ಕೆಳಗಿವೆ. ಮಂಡಿನೋವಿದೆ ಎಂದಿದ್ದೀರಿ, ಆದ್ದರಿಂದ ಎಷ್ಟು ಮೆಟ್ಟಿಲು ಇಳಿಯಬೇಕು, ತೊಟ್ಟಿಗೆ ಹಿಡಿಕೆ ಇದೆಯೇ ಎಂಬುದನ್ನು ನಿಮ್ಮ ತಮ್ಮ ಒಂದು ದಿನ ಮೊದಲೇ ಹೋಗಿ ಕಣ್ಣಾರೆ ನೋಡಿಬರಲಿ. ಫೋಟೋ ನೋಡಿ ಕೋಣೆ ಆರಿಸಬೇಡಿ.

ನಿವೃತ್ತ ವೈದ್ಯ, ಮೈಸೂರು

ತಂಗೀ, ತಾಯಿಯವರ ರಕ್ತದೊತ್ತಡ ಹತೋಟಿಯಲ್ಲಿದ್ದು ಹೃದಯದ ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ಹೆದರಬೇಕಾದದ್ದಿಲ್ಲ. ಆದರೂ ಹೊರಡುವ ಮುನ್ನ ಅವರನ್ನು ನೋಡುವ ವೈದ್ಯರನ್ನು ಕೇಳಲೇಬೇಕು. ಅಪಾಯ ಹೆಚ್ಚಿರುವುದು ನೀರಿನಿಂದ ಏಳುವಾಗ. ಬಿಸಿನೀರಿನಲ್ಲಿ ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆ. ಮಾತ್ರೆಯೂ ಅದೇ ಕೆಲಸ ಮಾಡುತ್ತಿರುವುದರಿಂದ ತಟ್ಟನೆ ಎದ್ದರೆ ಕಣ್ಣು ಕತ್ತಲೆಗಟ್ಟುತ್ತದೆ, ಒದ್ದೆ ಕಲ್ಲಿನ ಮೇಲೆ ಬಿದ್ದರೆ ಸೊಂಟದ ಮೂಳೆಗೆ ಪೆಟ್ಟು. ಅಲ್ಲಿಯ ನೀರು ಸುಮಾರು 40 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಮೊದಲು ಕಾಲು, ಆಮೇಲೆ ಸೊಂಟದವರೆಗೆ, ಒಟ್ಟು ಹತ್ತು ನಿಮಿಷ. ಬಳಿಕ ಅಂಚಿನಲ್ಲಿ ಕುಳಿತು ಸುಧಾರಿಸಿಕೊಂಡು, ನಿಮ್ಮ ಕೈಹಿಡಿದು ಏಳಲಿ. ತಣ್ಣೀರಿನ ತೊಟ್ಟಿಯ ತಂಟೆ ಅವರಿಗೆ ಬೇಡ. ಕುಡಿಯುವ ನೀರು ಜೊತೆಯಲ್ಲಿರಲಿ, ಊಟವಾದ ಕೂಡಲೇ ಹೋಗುವುದು ಬೇಡ.

ತಂದೆಯವರಿಗೆ ಸಕ್ಕರೆ ಕಾಯಿಲೆಯಿದ್ದು ಪಾದಗಳಲ್ಲಿ ಸ್ಪರ್ಶ ಕಡಿಮೆಯಾಗಿದ್ದರೆ ಅವರು ಮೊದಲು ಮೊಣಕೈಯಿಂದ ನೀರಿನ ಬಿಸಿ ನೋಡಬೇಕು. ಮಂಡಿನೋವಿಗೆ ಬಿಸಿನೀರಿನಿಂದ ಒಂದಷ್ಟು ಹೊತ್ತು ನೆಮ್ಮದಿ ಸಿಗುವುದು ನಿಜವೇ. ಆದರೆ ರೋಗ ಗುಣವಾಯಿತೆಂದು ಯಾರಾದರೂ ಹೇಳಿದರೆ ಔಷಧಿ ನಿಲ್ಲಿಸಬೇಡಿ.

ಪುತ್ತೂರಿನ ಸೊಸೆ, ದುಬೈ

ನಾನು ನನ್ನ ಅತ್ತೆಯವರನ್ನು ಎರಡು ವರ್ಷದ ಹಿಂದೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಪುತ್ತೂರಿನ ಹತ್ತಿರ ಇರ್ದೆಯ ಬೆಂದ್ರ್ ತೀರ್ಥವೆಂಬ ಬಿಸಿನೀರಿನ ಒರತೆಯಲ್ಲಿ ಚಿಕ್ಕಂದಿನಲ್ಲಿ ಮಿಂದವರಾದ್ದರಿಂದ ಅವರಿಗೆ ಗಂಧಕದ ವಾಸನೆ ಹೊಸದಾಗಿರಲಿಲ್ಲ. ನಿಮ್ಮ ಅಮ್ಮನಿಗೆ ಮಾತ್ರ ಮೊದಲೇ ಹೇಳಿಡಿ: ಕೊಳೆತ ಮೊಟ್ಟೆಯ ವಾಸನೆ ಬಾಗಿಲಲ್ಲೇ ಮೂಗಿಗೆ ಹೊಡೆಯುತ್ತದೆ, ಸ್ವಲ್ಪ ಹೊತ್ತಿನಲ್ಲಿ ಅಭ್ಯಾಸವಾಗುತ್ತದೆ. ಕೂದಲಲ್ಲೂ ಬಟ್ಟೆಯಲ್ಲೂ ಅದು ಉಳಿಯುವುದರಿಂದ ಪದವಿ ಸಮಾರಂಭದ ಹಿಂದಿನ ದಿನ ಹೋಗಬೇಡಿ.

ಕಾಲುಂಗುರದ ವಿಚಾರವನ್ನು ನೀವು ಕೇಳಿದ್ದು ನನ್ನ ಮನಸ್ಸಿಗೆ ತಟ್ಟಿತು, ಏಕೆಂದರೆ ಅಲ್ಲಿ ಒಂದು ಕಡೆ ಎದುರಿಗಿದ್ದ ಸಿಬ್ಬಂದಿ ಬೆಳ್ಳಿ ತೆಗೆಯಲೇಬೇಕೆಂದು ಕೈಸನ್ನೆ ಮಾಡಿ, ನನ್ನ ಅತ್ತೆ ಸೋಫಾದ ಮೇಲೆ ಕುಳಿತು ಅತ್ತುಬಿಟ್ಟರು. ಅದು ನಿಯಮವಲ್ಲ, ಆಭರಣ ಕೆಡದಿರಲೆಂಬ ಕಾಳಜಿಯಷ್ಟೇ ಎಂಬುದು ಆಮೇಲೆ ತಿಳಿಯಿತು. ನೀರಿನಲ್ಲಿರುವ ಗಂಧಕದ ಅಂಶ ಬೆಳ್ಳಿಯೊಂದಿಗೆ ಸೇರಿ ಮೇಲ್ಮೈಯಲ್ಲಿ ತೆಳ್ಳನೆಯ ಕಪ್ಪು ಪದರವಾಗುತ್ತದೆ, ಉಂಗುರ ಸವೆದುಹೋಗುವುದಿಲ್ಲ. ದೇವರ ಬೆಳ್ಳಿ ದೀಪಗಳನ್ನು ನಾವು ವಿಭೂತಿಯಿಂದ ಉಜ್ಜಿ ಬೆಳಗುತ್ತೇವಲ್ಲ, ಹಾಗೆಯೇ ಉಜ್ಜಿದರೆ ಬೆಳ್ಳಗಾಗುತ್ತದೆ. ಒಂದು ಸಣ್ಣ ವಿಭೂತಿ ಗಟ್ಟಿಯನ್ನು ಬ್ಯಾಗಿನಲ್ಲಿಟ್ಟುಕೊಳ್ಳಿ. ಅಮ್ಮ ಕಾಲುಂಗುರ ತೊಟ್ಟೇ ಇಳಿಯಲಿ.

ತೀರ್ಥಹಳ್ಳಿಯವಳು

ನಿಮ್ಮೆಲ್ಲರಿಗೂ ಕೃತಜ್ಞತೆಗಳು. ಕಳೆದ ವಾರ ಮರಳಿ ಬಂದೆವು. ಮುಂದೆ ಹೋಗುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ತಮ್ಮ ಮೊದಲೇ ಮೂರು ಕಡೆ ನೋಡಿಬಂದು, ಕಡಿಮೆ ಮೆಟ್ಟಿಲಿರುವ ಒಂದು ಕೋಣೆಯನ್ನು ವಾರದ ನಡುವಿನ ದಿನ ಬೆಳಿಗ್ಗೆ ಹಿಡಿದಿದ್ದ. ಮೊದಲು ಅಪ್ಪ ಮತ್ತು ತಮ್ಮ ಮಿಂದು ಹೊರಗೆ ಹೋದರು, ಆಮೇಲೆ ನಾನು ಮತ್ತು ಅಮ್ಮ. ನಮ್ಮ ಮನೆಯ ಹಂಡೆಯ ನೀರಿನ ಬಿಸಿಯೇ ಇದು ಎಂದು ಅಮ್ಮ ಮೂರು ಸಲ ಹೇಳಿದರು. ಉಜ್ಜಲು ಬಂದ ಹೆಂಗಸಿಗೆ ನಮ್ಮ ಭಾಷೆ ಬಾರದು, ಅಮ್ಮನಿಗೆ ಅವರದು ಬಾರದು. ಆದರೂ ಆಕೆ ಅಮ್ಮನ ನೋಯುವ ಮಂಡಿಯನ್ನು ಗುರುತಿಸಿ ಅಲ್ಲಿ ಮಾತ್ರ ಕೈ ಹಗುರ ಮಾಡಿದರು, ಕೊನೆಗೆ ಜಡೆಯನ್ನೂ ತಾವೇ ಹಿಂಡಿಕೊಟ್ಟರು. ದೀಪಾವಳಿಯ ಎಣ್ಣೆಸ್ನಾನದಲ್ಲಿ ಅಜ್ಜಿ ಹೀಗೆಯೇ ಉಜ್ಜುತ್ತಿದ್ದರು ಎಂದು ಅಮ್ಮ ಆಕೆಯ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ವೈದ್ಯರು ಹೇಳಿದಂತೆ ಏಳುವಾಗ ಅಂಚಿನಲ್ಲಿ ಕೂರಿಸಿದ್ದು ಒಳ್ಳೆಯದಾಯಿತು. ಒಂದು ನಿಮಿಷ ಅಮ್ಮನಿಗೆ ತಲೆ ತಿರುಗಿದಂತಾಗಿತ್ತು. ಕಾಲುಂಗುರ ಕಪ್ಪಾಯಿತು, ಸಂಜೆ ವಿಭೂತಿಯಿಂದ ಬೆಳ್ಳಗೂ ಆಯಿತು.

ಒಂದು ಮಾತು ಮಾತ್ರ ನಮಗೆ ಮೊದಲು ಹೊಳೆದಿರಲಿಲ್ಲ. ಗಂಟೆಯ ಬಾಡಿಗೆಯಲ್ಲಿ ಬಟ್ಟೆ ಬದಲಿಸುವ ಸಮಯವೂ ಸೇರುತ್ತದೆ, ಹಿರಿಯರಿಗೆ ಅದಕ್ಕೇ ಇಪ್ಪತ್ತು ನಿಮಿಷ ಬೇಕು. ನಾಲ್ವರು ಎರಡು ಸರದಿಯಲ್ಲಿ ಮೀಯುವುದಾದರೆ ಎರಡು ಗಂಟೆಗೇ ಕೋಣೆ ಹಿಡಿಯಿರಿ.